ಗೇರುಸೊಪ್ಪೆಯ ರಾಣಿ ಯಾವ ಕಡೆ ಕೂತಿದ್ದಳು?

ಕೂತ್ಕೊಳ್ಳಿ. ಹಿಂದೆ ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರೇ, ಮುಂದೆ ಬನ್ನಿ, ಜಾಗ ಇದೆ. ಖಾಲಿ ಕುರ್ಚಿಗಳು ಸಹೋದರಿಯರ ಕಡೆ ಇವೆ ಅಂತ ಹಿಂದೆಮುಂದೆ ನೋಡ್ತಿದ್ದೀರಿ, ನನಗೆ ಗೊತ್ತು. ಇವತ್ತು ಮಾತಾಡಬೇಕಾಗಿರೋದೂ ಆ ಕುರ್ಚಿಗಳ ವಿಷಯವೇ.

ಮುಂದಿನ ತಿಂಗಳು ನಮ್ಮ ಯೂತ್ ಟೀಮ್ ನಾಲ್ಕು ದಿನ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹೋಗ್ತಿದೆ. ಮೂರನೇ ದಿನ ಸಂಜೆ ಹೊನ್ನಾವರದಲ್ಲಿ, ಅಲ್ಲಿನ ಚಿಕ್ಕ ಸಭೆಯ ಅಂಗಳದಲ್ಲಿ ಕೂಟ. ಆ ಸಂಜೆ ವಾಕ್ಯ ಹೇಳೋದಕ್ಕೆ ಪಟ್ಟಿಯಲ್ಲಿ ಮೊದಲು ಒಬ್ಬ ಸಹೋದರಿಯ ಹೆಸರಿತ್ತು. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಏನೇನಾಯಿತು ಅಂತ ನಿಮಗೇ ಗೊತ್ತು. ಅಂಗಳದಲ್ಲಿ ಹೊರಗಿನ ಗಂಡಸರೂ ಇರ್ತಾರೆ, ಹೆಣ್ಣುಮಗಳು ಮೈಕ್ ಹಿಡಿದರೆ ಚೆನ್ನಾಗಿರಲ್ಲ ಅಂತ ಕೆಲವರು. ಹೆಂಗಸರ ಕೂಟದಲ್ಲಿ ಮಾತಾಡಲಿ, ಹಾಡೋ ಟೀಮಿನಲ್ಲಿ ಇರಲಿ, ಸಾಕು ಅಂತ ಕೆಲವರು. ಕೊರಿಂಥದವರಿಗೆ ಬರೆದ ಪತ್ರದ 14ನೇ ಅಧ್ಯಾಯದ ಫೋಟೋ ತೆಗೆದು ಹಾಕಿದವರೂ ಇದ್ದಾರೆ. ಕೊನೆಗೆ ಆ ಹೆಸರು ಪಟ್ಟಿಯಿಂದ ಹೋಯಿತು. ಹೊಡೆದು ಹಾಕಿದ್ದು ಕಮಿಟಿ ಅಂದುಕೊಂಡಿದ್ದೀರಿ. ಅಲ್ಲ, ಹೊಡೆದು ಹಾಕಿದವನು ನಾನೇ. ಜಗಳ ಬೇಡ ಅಂತ ಪೆನ್ನು ತಗೊಂಡು ಒಂದು ಗೆರೆ ಎಳೆದೆ, ಅಷ್ಟೇ.

ಅದಾದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಯಾಕೆ ಅಂದರೆ ನಾವು ಹೋಗ್ತಿರೋ ಊರು ಎಂಥದ್ದು ಅಂತ ನನಗೆ ಗೊತ್ತು. ನಾನು ಕುಮಟಾದವನು. ಅದಕ್ಕೆ ಇವತ್ತು ಆ ಕಡೆಯ ಒಬ್ಬ ಹೆಂಗಸಿನ ಜೀವನ ಹೇಳ್ತೀನಿ. ಆಕೆ ನಮ್ಮ ವಿಶ್ವಾಸದವಳಲ್ಲ, ಜೈನಳು. ಸತ್ತು 400 ವರ್ಷದ ಮೇಲಾಯಿತು. ಹೆಸರು ನೀವು ಕೇಳಿದ್ದೀರಿ, ಗಜಾನನ ಶರ್ಮರ ಕಾದಂಬರಿಯನ್ನು ಕೆಲವರು ಓದಿಯೂ ಇರಬಹುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ.

ಗೇರುಸೊಪ್ಪೆ ಎಲ್ಲಿದೆ? ಹೊನ್ನಾವರ ತಾಲೂಕಿನಲ್ಲಿ, ಶರಾವತಿ ಘಟ್ಟ ಇಳಿದು ಬಯಲಿಗೆ ಬರುವ ಜಾಗದಲ್ಲಿ. ನೀವೆಲ್ಲ ಜೋಗಕ್ಕೆ ಹೋಗಿ ರೀಲ್ಸ್ ಮಾಡಿಕೊಂಡು ಬಂದವರು. ಬ್ರಿಟಿಷರ ಕಾಲದಲ್ಲಿ ಆ ಜೋಗಕ್ಕೇ ಗೇರುಸೊಪ್ಪೆ ಫಾಲ್ಸ್ ಅಂತ ಹೆಸರು. ಊರು ಅಷ್ಟು ದೊಡ್ಡದಾಗಿತ್ತು, ಜಲಪಾತಕ್ಕೆ ಅದರ ಹೆಸರೇ ಬಂತು. ಈಗ ಹಳೇ ಪಟ್ಟಣ ಇದ್ದ ಜಾಗಕ್ಕೆ ನಗರಬಸ್ತಿಕೇರಿ ಅಂತಾರೆ. ಕಾಡಿನ ಮಧ್ಯೆ ಕಲ್ಲಿನ ಒಂದು ಬಸದಿ ಉಳಿದಿದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಉಳಿದದ್ದೆಲ್ಲ ಮರದ ಬೇರು, ಬಿದ್ದ ಕಲ್ಲು.

ಆ ಊರಿಂದ ಆಕೆ 1552ರಿಂದ 1606ರ ತನಕ ಆಳಿದಳು. ಲೆಕ್ಕ ಹಾಕಿ. 54 ವರ್ಷ. ನಮ್ಮ ದೇಶದಲ್ಲಿ ಇಷ್ಟು ಕಾಲ ಆಳಿದ ಇನ್ನೊಬ್ಬ ಹೆಣ್ಣನ್ನು ಹುಡುಕೋದು ಕಷ್ಟ. ಒಂದು ತುದಿಯಲ್ಲಿ ವಿಜಯನಗರ ಇನ್ನೂ ಮೆರೆಯುತ್ತಿತ್ತು, ಇನ್ನೊಂದು ತುದಿಗೆ ಬರುವಾಗ ಹಂಪಿ ಹಾಳಾಗಿ 40 ವರ್ಷ ಕಳೆದಿತ್ತು.

ಹೆಣ್ಣು ಹೇಗೆ ಗದ್ದುಗೆ ಹತ್ತಿದಳು ಅಂತ ಕೇಳಬಹುದು. ಕರಾವಳಿಯ ಆ ಸಾಳ್ವ ಮನೆತನಗಳಲ್ಲಿ, ಒಂದು ಗೇರುಸೊಪ್ಪೆಯ ನಗಿರೆಯವರು, ಇನ್ನೊಂದು ಭಟ್ಕಳದ ಹತ್ತಿರ ಹಾಡುವಳ್ಳಿಯವರು, ಅಧಿಕಾರ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಇತ್ತು. ಅಳಿಯಸಂತಾನ ಅಂತೀವಲ್ಲ, ಆ ರೀತಿ. ಹಾಗಾಗಿ ಅಲ್ಲಿ ರಾಣಿಯರು ಅಪರೂಪ ಆಗಿರಲಿಲ್ಲ. ಚೆನ್ನಭೈರಾದೇವಿಗಿಂತ ಮುಂಚೆ, 1542ರಲ್ಲಿ, ಪೋರ್ಚುಗೀಸರ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೌಸ ಭಟ್ಕಳಕ್ಕೆ ಬಂದು ಬೆಂಕಿ ಹಚ್ಚಿದಾಗಲೂ ಅಲ್ಲಿ ಆಳುತ್ತಿದ್ದವಳು ರಾಣಿಯೇ. ಕಪ್ಪ ಕೊಡಲ್ಲ ಅಂದಿದ್ದಳು.

ಇನ್ನೂ ಹಿಂದಕ್ಕೆ ಹೋಗೋಣ, ಒಂದೇ ನಿಮಿಷ. ಮೊರಾಕೋದಿಂದ ಬಂದ ಇಬ್ನ್ ಬತೂತ ಅನ್ನೋ ಮುಸ್ಲಿಂ ಪ್ರವಾಸಿ 1342ರ ಸುಮಾರಿಗೆ ಹೊನ್ನಾವರದಲ್ಲಿ ಇಳಿದ. ಪ್ರಪಂಚದ ಅರ್ಧ ಭಾಗ ಸುತ್ತಿದವನು. ಅಲ್ಲಿ ಕಂಡದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತ ಬರೆದಿಟ್ಟ. ಏನು ಅದು? ಹೆಣ್ಣುಮಕ್ಕಳಿಗೆ 13 ಶಾಲೆ. ಗಂಡುಮಕ್ಕಳಿಗೆ 23. ಅಲ್ಲಿನ ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠ. ಶಾಲೆಗಳು ಬೇರೆಬೇರೆ, ಹೌದು. ಹುಡುಗರ ಕಡೆ, ಹುಡುಗಿಯರ ಕಡೆ ಅಂತ ಗೆರೆ ಆಗಲೂ ಇತ್ತು. ಆದರೆ ಗೆರೆಯ ಆ ಕಡೆಯೂ ಗ್ರಂಥ ಇತ್ತು. ಗೆರೆ ಎಳೆಯೋದು ಒಂದು, ಗೆರೆ ಎಳೆದು ಒಂದು ಕಡೆಯವರ ಕೈಯಿಂದ ಪುಸ್ತಕ ಕಿತ್ಕೊಳ್ಳೋದು ಇನ್ನೊಂದು. ಭಟ್ಕಳ, ಹೊನ್ನಾವರ ಅಂದ ಕೂಡಲೇ ಬುರ್ಖಾ, ಪರದೆ ಅಂತ ಏನೇನೋ ಮಾತಾಡ್ತೀರಿ ನೀವು. ಗಾಡಿ ಹತ್ತೋ ಮುಂಚೆ ಈ 13 ಶಾಲೆಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸರಿ, ರಾಣಿಯ ವಿಷಯಕ್ಕೆ ಬರೋಣ. ಆಕೆಯ ಬಲ ಇದ್ದದ್ದು ಕಾಳುಮೆಣಸಿನಲ್ಲಿ. ಅಡಿಕೆ ಮರಕ್ಕೆ ಹಬ್ಬುವ ಬಳ್ಳಿ. ಕೊಯ್ದು, ಬಿಸಿಲಿಗೆ ಹರವಿ, ಕಪ್ಪಾಗುವ ತನಕ ಒಣಗಿಸಿ, ಮೂಟೆ ಕಟ್ಟಿ ಘಟ್ಟ ಇಳಿಸಬೇಕು. ಗೇರುಸೊಪ್ಪೆಯಿಂದ ಕೆಳಗೆ ಶರಾವತಿಯಲ್ಲಿ ದೋಣಿ ಹೋಗುತ್ತೆ, ನೇರ ಹೊನ್ನಾವರದ ಬಂದರಿಗೆ. ಉತ್ತರದಲ್ಲಿ ಅಘನಾಶಿನಿಯ ದಂಡೆಯಲ್ಲಿ ಮಿರ್ಜಾನ್. ದಕ್ಷಿಣದಲ್ಲಿ ಭಟ್ಕಳ, ಅಲ್ಲಿ ಅರಬ್ಬೀ ಕಡಲಿನ ವ್ಯಾಪಾರ ಮಾಡುವ ನವಾಯತರು. ಘಟ್ಟದ ದಾರಿಯೂ ಆಕೆಯದು, ಹೊಳೆಯೂ ಆಕೆಯದು, ಬಂದರೂ ಆಕೆಯದು. ಯುರೋಪಿನ ಯಾವ ಶ್ರೀಮಂತನ ಊಟಕ್ಕೂ ಬೇಕಾಗಿದ್ದ ವಸ್ತು ಈ ಹೆಂಗಸಿನ ಕೈ ದಾಟಿ ಹೋಗಬೇಕು. ಪೋರ್ಚುಗೀಸರು ಆಕೆಗೆ ಇಟ್ಟ ಹೆಸರು ರೈನ ದ ಪಿಮೆಂಟ. ಕಾಳುಮೆಣಸಿನ ರಾಣಿ.

ಈ ಹೆಸರನ್ನು ನಾವು ಹೆಮ್ಮೆಯಿಂದ ಹೇಳ್ತೀವಿ. ನನಗೆ ಅಷ್ಟೊಂದು ಖುಷಿ ಇಲ್ಲ. 54 ವರ್ಷ ರಾಜ್ಯ ಆಳಿದವಳಿಗೆ, ಕೊಳ್ಳೋಕೆ ಬಂದವನು ತನಗೆ ಬೇಕಾದ ಸಾಮಾನಿನ ಹೆಸರಿಟ್ಟು ಹೋದ. ಗಂಡು ರಾಜನಿಗೆ ಹೀಗೆ ಹೆಸರಿಡ್ತಿದ್ದರಾ?

ನನ್ನ ಅಮ್ಮನ ನೆನಪಾಗುತ್ತೆ. ಕುಮಟಾ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂರ್ತಿದ್ದಳು. ಬಂಗಡೆ ಪಾಲು ಹಾಕಿ ಕೂಗಿದರೆ ಬಸ್‌ಸ್ಟ್ಯಾಂಡಿನ ತನಕ ಕೇಳ್ತಿತ್ತು. ವಕೀಲರು, ಮೇಷ್ಟ್ರು, ಭಟ್ಟರ ಮನೆ ಬಿಟ್ಟು ಉಳಿದವರೆಲ್ಲ ಅವಳ ಎದುರು ನಿಂತು ಚೌಕಾಸಿ ಮಾಡಿ ಸೋತು ಹೋಗೋರು. ಅದೇ ಅಮ್ಮ ಭಾನುವಾರ ಸಭೆಗೆ ಬಂದರೆ ಎಡಗಡೆ ಚಾಪೆಯ ಕೊನೇ ಸಾಲು. ತಲೆ ಮೇಲೆ ಸೆರಗು. ಸಾಕ್ಷಿ ಹೇಳೋಕೆ ಎದ್ದರೆ ಎರಡು ವಾಕ್ಯ ಹೇಳಿ ಕೂತ್ಕೋ ಅಂತ ಸನ್ನೆ. ಆರು ದಿನ ಇಡೀ ಪೇಟೆಗೆ ಕೇಳಿಸಿದ ಗಂಟಲು ಏಳನೇ ದಿನ ಎಲ್ಲಿ ಹೋಗ್ತಿತ್ತು ಅಂತ ಚಿಕ್ಕವನಿದ್ದಾಗ ನನಗೆ ಅರ್ಥ ಆಗ್ತಿರಲಿಲ್ಲ. ದೊಡ್ಡವನಾಗಿ, ಪಾಸ್ಟರ್ ಆಗಿ, ಕೂತ್ಕೋ ಅಂತ ಸನ್ನೆ ಮಾಡುವವನು ನಾನೇ ಆದೆ.

ಇರಲಿ. 1565ರಲ್ಲಿ ರಕ್ಕಸತಂಗಡಿ ಯುದ್ಧ. ವಿಜಯನಗರ ಬಿತ್ತು. ಗೇರುಸೊಪ್ಪೆಯಂಥ ಚಿಕ್ಕ ರಾಜ್ಯಗಳಿಗೆ ಮೇಲಿದ್ದ ಕೊಡೆ ಹಾರಿಹೋಯಿತು. ಸಮುದ್ರದ ಕಡೆಯಿಂದ ಪೋರ್ಚುಗೀಸರು, ಘಟ್ಟದ ಮೇಲೆ ಕೆಳದಿಯ ನಾಯಕರು, ಪಕ್ಕದಲ್ಲಿ ಬಿಳಗಿಯವರು, ಬಡಗಣದಲ್ಲಿ ಬಿಜಾಪುರದ ಸುಲ್ತಾನ. ನಡುವೆ ಆಕೆ ಒಬ್ಬಳು.

ಪೋರ್ಚುಗೀಸರು ಏನು ಮಾಡ್ತಿದ್ದರು ಅಂದರೆ, ಸಮುದ್ರದಲ್ಲಿ ಹೋಗೋ ಯಾವ ಹಡಗೂ ಅವರ ಹತ್ತಿರ ಪಾಸ್ ತಗೋಬೇಕು. ಕರ್ತಾಜ್ ಅಂತ ಅದರ ಹೆಸರು. ಪಾಸ್ ಇಲ್ಲದಿದ್ದರೆ ಹಡಗು ಹಿಡಿಯೋದು, ಸರಕು ದೋಚೋದು. ಮೆಣಸನ್ನು ಅವರು ಹೇಳಿದ ಬೆಲೆಗೆ ಅವರಿಗೇ ಕೊಡಬೇಕು. 1569ರಲ್ಲಿ ಗೋವಾದ ವೈಸರಾಯ್ ಲೂಯಿಸ್ ದ ಅತಾಯ್ದೆ ದೊಡ್ಡ ನೌಕಾಪಡೆ ತಗೊಂಡು ಹೊನ್ನಾವರಕ್ಕೆ ಬಂದ. ಊರಿಗೆ ಬೆಂಕಿ ಬಿತ್ತು. ಕೋಟೆ ಅವರ ಕೈಗೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಪ್ರಿಯರೇ. ಆ ಹಡಗುಗಳ ಹಾಯಿಯ ಮೇಲೆ ಏನು ಬರೆದಿತ್ತು ಗೊತ್ತಾ? ಶಿಲುಬೆ. ನಾವು ಕುತ್ತಿಗೆಗೆ ಹಾಕಿಕೊಳ್ಳುವ, ಈ ವೇದಿಕೆಯ ಹಿಂದೆ ಇರುವ ಅದೇ ಶಿಲುಬೆ. ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಅದಕ್ಕೆ ಹೆದರಿ ಕೊಂಕಣಿ ಮಾತಾಡುವ ಎಷ್ಟೋ ಕುಟುಂಬಗಳು ದೇವರ ಮೂರ್ತಿಯನ್ನೂ ಮಕ್ಕಳನ್ನೂ ಹೊತ್ತುಕೊಂಡು ದಕ್ಷಿಣಕ್ಕೆ ಓಡಿ ಬಂದವು. ಹಾಗೆ ಬಂದವರಿಗೆ ನೆಲ ಕೊಟ್ಟವಳು ಈ ರಾಣಿ ಅಂತ ಆ ಕಡೆ ಇವತ್ತಿಗೂ ಹೇಳ್ತಾರೆ. ಯೇಸುವಿನ ಹೆಸರು ಹೇಳುವವರಿಂದ ಓಡಿ ಬಂದ ಜನ, ಯೇಸುವಿನ ಹೆಸರೇ ಗೊತ್ತಿಲ್ಲದ ಒಬ್ಬ ಹೆಂಗಸಿನ ಬಾಗಿಲಿಗೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಊರುಗಳಲ್ಲಿ ಇದ್ದಾರೆ. ನಾವು ಗಿಟಾರ್ ತಗೊಂಡು ಬಸ್ಸಿಳಿದಾಗ ಅವರಿಗೆ ಯಾವ ಶಿಲುಬೆ ನೆನಪಾಗುತ್ತೆ ಅಂತ ನಾನು ಹೇಳಲಾರೆ.

ಮುಂದಿನ ವರ್ಷ, 1570ರಲ್ಲಿ, ಪೋರ್ಚುಗೀಸರ ವಿರುದ್ಧ ಒಂದು ದೊಡ್ಡ ಒಕ್ಕೂಟ ಎದ್ದಿತು. ಬಿಜಾಪುರದ ಆದಿಲ್ ಶಾಹ ಗೋವಾವನ್ನು ಮುತ್ತಿದ. ಅಹಮದ್‌ನಗರದ ನಿಜಾಮ ಶಾಹ ಚೌಲಕ್ಕೆ ಹೋದ. ಕಲ್ಲಿಕೋಟೆಯ ಜಾಮೊರಿನ್ ಚಾಲಿಯಂ ಕೋಟೆಯ ಮೇಲೆ ಬಿದ್ದ. ಅದೇ ಹೊತ್ತಿಗೆ ಗೇರುಸೊಪ್ಪೆಯ ರಾಣಿ ಬಿಜಾಪುರದ ದಂಡಿನ ಸಹಾಯದಿಂದ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದಳು. ಇಬ್ಬರು ಸುಲ್ತಾನರು, ಒಬ್ಬ ಕೇರಳದ ಹಿಂದೂ ರಾಜ, ಒಬ್ಬ ಜೈನ ರಾಣಿ. ಮೂರು ಧರ್ಮದವರು ಒಂದೇ ಲೆಕ್ಕಾಚಾರದಲ್ಲಿ. ನಮ್ಮಲ್ಲಿ ಎರಡು ಸಭೆಯವರು ಸೇರಿ ಒಂದು ಕ್ರಿಸ್ಮಸ್ ಕಾರ್ಯಕ್ರಮ ಮಾಡೋಕಾಗಲ್ಲ! ಅಲ್ಲಿ ಆಕೆ ಹೆಣ್ಣು, ಪಕ್ಕದಲ್ಲಿ ಕೂರಿಸಿಕೊಳ್ಳಲ್ಲ ಅಂತ ಯಾರೂ ಹೇಳಿದ ಹಾಗೆ ಕಾಣಲ್ಲ. ಆದರೆ ಗೋವಾದಿಂದ ಸಮುದ್ರದ ದಾರಿಯಲ್ಲಿ ಕೋಟೆಗೆ ಸಹಾಯ ಬಂತು, ಮುತ್ತಿಗೆ ಮುರಿಯಿತು. ಆಕೆ ಸೋತಳು.

ಸೋತ ಮೇಲೂ 35 ವರ್ಷಕ್ಕಿಂತ ಹೆಚ್ಚು ಆಳಿದಳು. ಇದನ್ನು ಯಾರೂ ಹೇಳಲ್ಲ. ಕಾದಂಬರಿಯಲ್ಲಿ, ನಾಟಕದಲ್ಲಿ ಯುದ್ಧ ಬರುತ್ತೆ, ಕುದುರೆ ಬರುತ್ತೆ, ಕತ್ತಿ ಬರುತ್ತೆ. ನನಗೆ ದೊಡ್ಡದಾಗಿ ಕಾಣೋದು ಆ 35 ವರ್ಷ. ಬಂದರಿನ ಬಾಯಲ್ಲಿ ಶತ್ರುವಿನ ಕೋಟೆ ಇದೆ, ಆ ಶತ್ರುವಿಗೇ ಮೆಣಸು ಮಾರಬೇಕು, ಮಾರಿದ ದುಡ್ಡಲ್ಲಿ ಅವನಿಂದಲೇ ರಾಜ್ಯ ಕಾಪಾಡಿಕೊಳ್ಳಬೇಕು. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ ಆಕೆಯದೇ ಅಂತ ಜನ ಹೇಳ್ತಾರೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಮಳೆಗಾಲದಲ್ಲಿ ಗೋಡೆ ಪೂರ್ತಿ ಹಸಿರು. ಸಾಗರದ ಕಡೆ ದಟ್ಟ ಕಾಡಿನಲ್ಲಿ ಕಾನೂರು ಕೋಟೆ ಇದೆ, ಅದಕ್ಕೂ ಆಕೆಯ ಹೆಸರೇ. ನಾವು ಹೋದಾಗ ಮಿರ್ಜಾನ್‌ನಲ್ಲಿ ನಿಲ್ಲಿಸ್ತೀನಿ, ಫೋಟೋಗೆ ಹತ್ತು ನಿಮಿಷ ಕೊಡ್ತೀನಿ.

ಆಕೆಯ ಕಾಲದಲ್ಲೇ, 1604ರಲ್ಲಿ, ಹಾಡುವಳ್ಳಿಯ ಜೈನ ಮಠಕ್ಕೆ ಸೇರಿದ ಭಟ್ಟಾಕಳಂಕ ಅನ್ನೋ ಮುನಿ ಒಂದು ದೊಡ್ಡ ಪುಸ್ತಕ ಮುಗಿಸಿದ. ಕರ್ಣಾಟಕ ಶಬ್ದಾನುಶಾಸನ. ಕನ್ನಡದ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ, 592 ಸೂತ್ರ. ನಮ್ಮ ಭಾಷೆಗೂ ಶಾಸ್ತ್ರದ ಗೌರವ ಇದೆ ಅಂತ ತೋರಿಸಿದ ಕೃತಿ. ಸುತ್ತ ಬೆಂಕಿ ಇದ್ದಾಗ ಒಬ್ಬ ಪಂಡಿತ ಕೂತು ವ್ಯಾಕರಣ ಬರೆಯೋಕಾಯಿತು ಅಂದರೆ, ಆ ನೆಲದಲ್ಲಿ ಅಷ್ಟು ನೆಮ್ಮದಿ ಇತ್ತು ಅಂತ ಅರ್ಥ.

ಆದರೆ ಆಕೆಯ ಸ್ವಂತ ಧರ್ಮದಲ್ಲಿ ಆಕೆಯ ಜಾಗ ಎಲ್ಲಿತ್ತು? ಇದನ್ನು ಬೇರೆಯವರ ಧರ್ಮ ಹೀಗಳೆಯೋಕೆ ಹೇಳ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ದಿಗಂಬರ ಜೈನರ ಶಾಸ್ತ್ರದ ಪ್ರಕಾರ ಹೆಣ್ಣಿನ ದೇಹದಲ್ಲಿ ಇದ್ದುಕೊಂಡು ಮೋಕ್ಷ ಆಗಲ್ಲ. ಮೊದಲು ಗಂಡಾಗಿ ಹುಟ್ಟಿ ಬರಬೇಕು. ಶ್ವೇತಾಂಬರರು ಇದನ್ನು ಒಪ್ಪಲ್ಲ, 19ನೇ ತೀರ್ಥಂಕರರೇ ಸ್ತ್ರೀ ಅಂತಾರೆ ಅವರು. ಈ ಚರ್ಚೆ ಸಾವಿರ ವರ್ಷಕ್ಕೂ ಹಳೆಯದು. ಕರಾವಳಿಯ ಜೈನರು ದಿಗಂಬರರು. ಅಂದರೆ ಈ ರಾಣಿ ಬಸದಿಗೆ ದಾನ ಕೊಡಬಹುದು, ಮುನಿಗಳಿಗೆ ಆಶ್ರಯ ಕೊಡಬಹುದು, ಸೈನ್ಯ ಕಳಿಸಬಹುದು. ನಾಲ್ಕು ಬಾಗಿಲಿನ ಬಸದಿಯಲ್ಲಿ ಯಾವ ಬಾಗಿಲಿಂದ ಬೇಕಾದರೂ ಒಳಗೆ ಹೋಗಬಹುದು. ಐದನೇ ಬಾಗಿಲು ಒಂದು ಮಾತ್ರ ಈ ಜನ್ಮಕ್ಕಿಲ್ಲ.

ನಾವು ಹಾಗಲ್ಲಪ್ಪ, ನಮ್ಮಲ್ಲಿ ರಕ್ಷಣೆ ಎಲ್ಲರಿಗೂ ಸಮ ಅಂತ ನೀವು ಆಮೆನ್ ಹೇಳೋಕೆ ರೆಡಿ ಇದ್ದೀರಿ. ಸ್ವಲ್ಪ ತಡೀರಿ. ನಮ್ಮಲ್ಲಿ ಪರಲೋಕದ ಬಾಗಿಲು ಹೆಣ್ಣಿಗೆ ತೆರೆದಿದೆ. ಮುಚ್ಚಿರೋದು ಈ ವೇದಿಕೆಯ ಮೂರು ಮೆಟ್ಟಿಲು. ಯಾವುದು ಹೆಚ್ಚು ವಿಚಿತ್ರ?

ಯೆರೂಸಲೇಮಿನ ದೇವಾಲಯದಲ್ಲೂ ಸ್ತ್ರೀಯರ ಅಂಗಳ ಅಂತ ಬೇರೆ ಇತ್ತು. ಅದನ್ನು ದಾಟಿ ಹೆಂಗಸರು ಒಳಗೆ ಹೋಗೋ ಹಾಗಿಲ್ಲ. ಕಾಣಿಕೆ ಪೆಟ್ಟಿಗೆಗಳು ಇದ್ದದ್ದು ಆ ಅಂಗಳದಲ್ಲೇ, ಎರಡು ಕಾಸು ಹಾಕಿದ ವಿಧವೆ ಅಲ್ಲೇ ಬಂದಳು. ಯೋಹಾನನ 8ನೇ ಅಧ್ಯಾಯ ತೆಗೆದು ನೋಡಿ, ಯೇಸು ಬೋಧನೆ ಮಾಡ್ತಾ ಇದ್ದದ್ದು ಕಾಣಿಕೆ ಪೆಟ್ಟಿಗೆಗಳ ಹತ್ತಿರ. ಒಳಗಿನ ಅಂಗಳಕ್ಕೆ ಹೋಗೋ ಹಕ್ಕಿದ್ದವನು ಹೆಂಗಸರಿಗೂ ಕೇಳಿಸುವ ಜಾಗದಲ್ಲಿ ನಿಂತು ಮಾತಾಡಿದ. ಇನ್ನು ಆ 14ನೇ ಅಧ್ಯಾಯದ ಫೋಟೋ ಹಾಕಿದ ತಮ್ಮಂದಿರೇ, ಅದೇ ಪತ್ರದ 11ನೇ ಅಧ್ಯಾಯದ ಫೋಟೋ ಯಾಕೆ ಹಾಕಲಿಲ್ಲ? ಅಲ್ಲಿ ಸ್ತ್ರೀ ಪ್ರಾರ್ಥನೆ ಮಾಡುವಾಗ, ಪ್ರವಾದಿಸುವಾಗ ತಲೆ ಹೇಗಿರಬೇಕು ಅಂತ ಪೌಲ ಹೇಳ್ತಾನೆ. ಮುಸುಕಿನ ಮಾತು ಬಂದಿದ್ದೇ ಅವರು ಬಾಯಿ ತೆರೆಯುತ್ತಿದ್ದದ್ದಕ್ಕೆ. ಎರಡು ಅಧ್ಯಾಯವನ್ನೂ ಬರೆದದ್ದು ಒಬ್ಬನೇ ಪೌಲ. ಎರಡನ್ನೂ ಒಟ್ಟಿಗೆ ಹೇಗೆ ಓದಬೇಕು ಅಂತ ಒಂದು ದಿನ ಬೈಬಲ್ ಸ್ಟಡಿಯಲ್ಲಿ ಕೂತು ನೋಡೋಣ, ಗ್ರೂಪಿನಲ್ಲಿ ಬೇಡ.

ರಾಣಿಯ ಕೊನೆಗೆ ಬರ್ತೀನಿ. ಕೆಳದಿಯಲ್ಲಿ ಆಗ ವೆಂಕಟಪ್ಪ ನಾಯಕ. ಇಕ್ಕೇರಿ ಅವನ ರಾಜಧಾನಿ. ಘಟ್ಟದ ಮೇಲಿನವನಿಗೆ ಸಮುದ್ರ ಬೇಕಿತ್ತು, ಮೆಣಸು ಬೇಕಿತ್ತು. ಬಿಳಗಿಯವರೂ ಅವನ ಕಡೆ ಸೇರಿದರು. 1606ರಲ್ಲಿ ಗೇರುಸೊಪ್ಪೆ ಬಿತ್ತು. 54 ವರ್ಷ ಆಳಿದವಳು, ಆಗ ಎಷ್ಟು ಮುದುಕಿ ಆಗಿರಬೇಕು ಯೋಚನೆ ಮಾಡಿ. ಆಕೆಯನ್ನು ಹಿಡಿದು ಘಟ್ಟ ಹತ್ತಿಸಿ ಇಕ್ಕೇರಿಗೆ ತಗೊಂಡು ಹೋದರು. ಅಲ್ಲೇ ಸೆರೆಯಲ್ಲಿ ತೀರಿಕೊಂಡಳು. ಹೊಳೆ, ಕಡಲು ನೋಡಿ ಬೆಳೆದ ಜೀವ, ಕೊನೆಗೆ ಅಲೆಯ ಸದ್ದು ಕೇಳದ ಊರಿನಲ್ಲಿ ಹೋಯಿತು.

17 ವರ್ಷ ಕಳೆದ ಮೇಲೆ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಇಟಲಿಯವನು ಆ ದಾರಿಯಲ್ಲಿ ಬಂದ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿ ಹತ್ತಿ ಗೇರುಸೊಪ್ಪೆಗೆ. ಹೊಳೆಯ ಅಂದ ನೋಡಿ ಬೆರಗಾದ. ಊರು ನೋಡಿದರೆ ಅರಮನೆಯಲ್ಲೇ ಮರ ಬೆಳೆದಿದೆ. 17 ವರ್ಷಕ್ಕೆ ಕಾಡು ಅಷ್ಟು ನುಂಗಿತ್ತು. ಅಲ್ಲಿ ಅವನು ರಾಣಿಯ ಕಥೆ ಕೇಳಿ ಬರೆದುಕೊಂಡ. ಸಾರ ಇಷ್ಟು: ಆಕೆ ಕೆಳಕುಲದ ಒಬ್ಬ ಪರಸ್ಥಳದವನನ್ನು ಪ್ರೀತಿಸಿ ರಾಜ್ಯವನ್ನೇ ಅವನ ಕೈಗೆ ಕೊಟ್ಟಳಂತೆ, ಅವನು ತಿರುಗಿಬಿದ್ದನಂತೆ, ಅವನೇ ವೆಂಕಟಪ್ಪ ನಾಯಕನನ್ನು ಸಹಾಯಕ್ಕೆ ಕರೆದನಂತೆ, ನಾಯಕ ಬಂದು ರಾಜ್ಯ ತಗೊಂಡನಂತೆ.

ಈ ಕಥೆಯನ್ನು ನಾನು ನಂಬಲ್ಲ. ಯಾಕೆ ಹೇಳ್ತೀನಿ. ದೆಲ್ಲಾ ವಾಲ್ಲೆಯ ಜೊತೆ ಗೋವಾದಿಂದ ಪಯಣ ಮಾಡ್ತಿದ್ದವನು ಯಾರು? ವೆಂಕಟಪ್ಪ ನಾಯಕನದೇ ರಾಯಭಾರಿ. ಗೆದ್ದವನ ಕಡೆಯವರು ಸೋತವಳ ಬಗ್ಗೆ ಹೇಳುವ ಕಥೆ ಹೇಗಿರುತ್ತೆ? ಒಬ್ಬ ರಾಜ ಸೋತರೆ ಸೈನ್ಯ ಸಾಲಲಿಲ್ಲ, ಮಂತ್ರಿ ಮೋಸ ಮಾಡಿದ ಅಂತಾರೆ. ರಾಣಿ ಸೋತರೆ ಮಲಗುವ ಮನೆಯಲ್ಲಿ ಕಾರಣ ಹುಡುಕುತ್ತಾರೆ. ಐದು ದಶಕ ಆಕೆ ಪೋರ್ಚುಗೀಸರನ್ನು, ಸುಲ್ತಾನರನ್ನು, ನಾಯಕರನ್ನು ತೂಗಿಸಿಕೊಂಡು ಬಂದದ್ದು ಒಂದು ಪಿಸುಮಾತಿನಲ್ಲಿ ಮುಗಿದುಹೋಯಿತು. ಇದು ಹಳೇ ಕಾಲದ ಮಾತು ಅಂತ ನಗಬೇಡಿ. ಹೋದ ವರ್ಷ ನಮ್ಮದೇ ಒಬ್ಬ ಸಹೋದರಿ ಎರಡು ವಾರ ಆರಾಧನೆ ನಡೆಸಿದಾಗ ಮೂರನೇ ವಾರ ಏನು ಮಾತು ಹುಟ್ಟಿತು ಅಂತ ನಿಮಗೆ ನೆನಪಿದೆ. ಹುಟ್ಟಿಸಿದವರು ಇಲ್ಲೇ ಕೂತಿದ್ದೀರಿ. ಹೆಸರು ಹೇಳಲ್ಲ.

ಇನ್ನೂ ಒಂದು ವಿಷಯ ಇದೆ, ಇದು ನನ್ನನ್ನು ತುಂಬಾ ಕಾಡಿದ್ದು. ಅದೇ ದೆಲ್ಲಾ ವಾಲ್ಲೆ ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ರಾಣಿ ಸೆರೆಯಲ್ಲಿದ್ದು ಸತ್ತ ಊರು. ಅಲ್ಲಿ ಸಹಗಮನಕ್ಕೆ ಹೊರಟ ಒಬ್ಬ ಹೆಂಗಸನ್ನು ಬೀದಿಯಲ್ಲಿ ಕಂಡ. ಕುದುರೆಯ ಮೇಲೆ ಕೂರಿಸಿದ್ದಾರೆ, ಮುಖಕ್ಕೆ ಮುಸುಕಿಲ್ಲ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು, ಮುಂದೆ ವಾದ್ಯ. ಊರಿಗೆ ಊರೇ ನೋಡ್ತಿದೆ. ಗಂಡ ಸತ್ತ ಇಂಥವಳೊಬ್ಬಳ ಮನೆಗೂ ಹೋಗಿ, ಎದುರು ಕೂತು, ಬೇಡ ತಾಯಿ ಅಂತ ಮನವೊಲಿಸೋಕೆ ನೋಡಿದ. ಮಕ್ಕಳ ಬಗ್ಗೆ ಕೇಳಿದ. ಆಕೆ ಏನೇನು ಉತ್ತರ ಕೊಟ್ಟಳು ಅನ್ನೋದನ್ನೆಲ್ಲ ಬರೆದುಕೊಂಡ.

ನೋಡಿ. ಬೆಂಕಿಗೆ ಹೋಗುವ ಹೆಂಗಸಿಗೆ ಮೆರವಣಿಗೆ ಇದೆ, ಕುದುರೆ ಇದೆ, ಆಕೆಯ ಮಾತನ್ನು ಬರೆದುಕೊಳ್ಳೋಕೆ ಇಟಲಿಯಿಂದ ಬಂದವನಿದ್ದಾನೆ. ಬದುಕಿ 54 ವರ್ಷ ಆಳಿದವಳ ಮಾತು? ಶಾಸನಗಳಲ್ಲಿ ಬಿರುದುಗಳಿವೆ, ದಾನ ಕೊಟ್ಟ ಗದ್ದೆಯ ವಿವರಗಳಿವೆ. ನಾನು ಇವತ್ತು ಇಷ್ಟು ಹೊತ್ತು ಆಕೆಯ ಜೀವನ ಹೇಳಿದೆ, ಆಕೆ ಬಾಯಿಬಿಟ್ಟು ಆಡಿದ ಒಂದು ಮಾತನ್ನೂ ನಿಮಗೆ ಹೇಳಲಿಲ್ಲ. ಗಮನಿಸಿದಿರಾ? ಶತ್ರು ಇಟ್ಟ ಅಡ್ಡಹೆಸರು ಹೇಳಿದೆ, ಶತ್ರು ಹಬ್ಬಿಸಿದ ಸುದ್ದಿ ಹೇಳಿದೆ. ಆಕೆಯ ಮಾತು ಹೇಳಲಿಲ್ಲ.

ನ್ಯಾಯಸ್ಥಾಪಕರ ಪುಸ್ತಕದಲ್ಲಿ ದೆಬೋರ ಇದ್ದಾಳೆ. ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳ್ತಿದ್ದಳು. ಬಯಲಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣೋ ಹಾಗೆ. ಮರದ ಕೆಳಗೆ ಎಡಗಡೆ, ಬಲಗಡೆ ಇರಲಿಲ್ಲ. ನೀನು ಬಂದರೆ ಮಾತ್ರ ನಾನು ಯುದ್ಧಕ್ಕೆ ಹೋಗ್ತೀನಿ ಅಂತ ಸೇನಾಪತಿ ಬಾರಾಕ ಹಠ ಹಿಡಿದ. ಆದರೆ ನಾನು ಹೇಳೋಕೆ ಹೊರಟಿದ್ದು ಅದಲ್ಲ. 4ನೇ ಅಧ್ಯಾಯ ಆದ ಮೇಲೆ 5ನೇ ಅಧ್ಯಾಯ ಇದೆ. ಪೂರ್ತಿ ಆಕೆಯ ಹಾಡು. ಯಾರೋ ಒಬ್ಬ ಅದನ್ನು ಬಾಯಿಪಾಠ ಮಾಡಿದ, ಯಾರೋ ಒಬ್ಬ ಬರೆದಿಟ್ಟ, ಯಾರೂ ಹೊಡೆದು ಹಾಕಲಿಲ್ಲ. ಅದಕ್ಕೆ ಮೂರು ಸಾವಿರ ವರ್ಷ ಆದ ಮೇಲೆ ಬೆಂಗಳೂರಲ್ಲಿ ನಿಮ್ಮ ಮೊಬೈಲಿನಲ್ಲಿ ಅದು ಇದೆ. ಗೇರುಸೊಪ್ಪೆಯಲ್ಲಿ ಅಂಥ ಒಬ್ಬ ಇದ್ದಿದ್ದರೆ!

ಕುರ್ಚಿಗಳ ವಿಷಯ ಹೇಳಿ ಮುಗಿಸ್ತೀನಿ. ಎಡಗಡೆ ಹೆಂಗಸರು, ಬಲಗಡೆ ಗಂಡಸರು ಅನ್ನೋದು ನಮ್ಮ ಹಿರಿಯರಿಂದ ಬಂದಿದ್ದು. ಬಸ್ಸಿನಲ್ಲೂ ಹಾಗೇ ಕೂರ್ತೀವಿ, ಮದುವೆ ಪಂಕ್ತಿಯಲ್ಲೂ ಎಷ್ಟೋ ಕಡೆ ಹಾಗೇ. ಅದು ಪಾಪ ಅಂತ ನಾನು ಹೇಳಲ್ಲ. ನಮ್ಮ ಎಷ್ಟೋ ತಾಯಂದಿರಿಗೆ ಅಲ್ಲೇ ನೆಮ್ಮದಿ, ಅಲ್ಲೇ ಕಣ್ಣೀರು ಹಾಕಿ ಪ್ರಾರ್ಥನೆ ಮಾಡೋಕೆ ಬಿಡುವು. ನಾಳೆಯೇ ಕುರ್ಚಿ ಕಲಸಿ ಅಂತ ನನ್ನ ಹತ್ತಿರ ಬರಬೇಡಿ, ಹಿರಿಯರ ಹತ್ತಿರ ಕೂತು ಮಾತಾಡೋ ವಿಷಯ ಅದು. ಆದರೆ ಹೊನ್ನಾವರದ ಮೂರನೇ ಸಂಜೆಯ ವಿಷಯ ಹಿರಿಯರದಲ್ಲ. ಅದು ನನ್ನ ಪೆನ್ನಿನಿಂದ ಆದದ್ದು.

ಪಟ್ಟಿ ನನ್ನ ಬೈಬಲ್ಲಿನ ಒಳಗೇ ಇದೆ. ಇಲ್ಲಿ. ಗೆರೆ ಎಳೆದಿದ್ದರೂ ಹೆಸರು ಓದೋಕಾಗುತ್ತೆ. ಆ ಸಹೋದರಿ ಇವತ್ತು ಬಂದಿದ್ದಾಳೆ, ಎಲ್ಲಿ ಕೂತಿದ್ದಾಳೆ ಅಂತ ತಿರುಗಿ ನೋಡಬೇಡಿ. ಅಮ್ಮಾ, ನಿನ್ನನ್ನು ಕೇಳದೆ ಹೊಡೆದು ಹಾಕಿದೆ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಈಗಲೂ ನಿನಗೆ ಮನಸ್ಸಿದ್ದರೆ ಹೆಸರನ್ನು ಮತ್ತೆ ಬರೆಯೋಣ. ಬೇಡ ಅನ್ನಿಸಿದರೆ ಅದೂ ನಿನ್ನ ಇಷ್ಟ, ನಾನು ಒತ್ತಾಯ ಮಾಡಲ್ಲ. ಒಪ್ಪದ ತಮ್ಮಂದಿರು ಕೂಟ ಮುಗಿದ ಮೇಲೆ ಹಿಂದಿನ ರೂಮಿಗೆ ಬನ್ನಿ, ಟೀ ಇದೆ, ಬೈಬಲ್ ತಗೊಂಡು ಬನ್ನಿ. ಸಹೋದರಿಯರೂ ಬನ್ನಿ, ಆ ರೂಮಿನಲ್ಲಿ ಇರೋದು ಒಂದೇ ಬೆಂಚು.

ಎದ್ದು ನಿಲ್ಲಿ. ಪ್ರಾರ್ಥನೆ ಮಾಡೋಣ. ಇವತ್ತು ಮುಗಿಸುವ ಪ್ರಾರ್ಥನೆಯನ್ನು ಕೊನೇ ಸಾಲಿನಲ್ಲಿ ಕೂತಿರುವ ಅಜ್ಜಿ ಮಾಡ್ತಾರೆ. ಅಜ್ಜಿ, ಅಲ್ಲಿಂದಲೇ ಬೇಡ, ಮುಂದೆ ಬನ್ನಿ. ಯಾರಾದರೂ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ. ಮೈಕ್ ಆನ್ ಇದೆ.